ಬಿಲ್ ಮಾಡುವಾಗ ಮೊಬೈಲ್ ನಂಬರ್ ಕೊಡಲೇಬೇಕಾ? ಕೊಟ್ಟ ಮೇಲೆ ಅಳಿಸಿ ಅಂತ ಕೇಳಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಏರಿಯಾದಲ್ಲಿ ಬಟ್ಟೆ ತಗೊಳ್ಳೋಕೆ ಹೋದರೆ ನಂಬರ್ ಹೇಳದೆ ಬಿಲ್ ಆಗಲ್ಲ ಅಂದರು, ತಂಗಿಯನ್ನು ಕೋಚಿಂಗ್‌ಗೆ ಸೇರಿಸೋಕೆ ಹೋದರೆ ಮನೆಮಂದಿಯೆಲ್ಲರ ಆಧಾರ್ ಜೆರಾಕ್ಸ್ ಕೇಳಿದರು, ಇದು ಸರಿಯಾ ಅಂತ ಕೇಳಿದ್ದೀರಿ. ಸರಿಯಲ್ಲ. ನಂಬರ್ ಕೊಡಲೇಬೇಕು ಅಂತ ಯಾವ ಕಾನೂನೂ ಹೇಳಿಲ್ಲ. ಕೊಟ್ಟಿದ್ದನ್ನು ಅಳಿಸಿ ಅಂತ ಧಾರಾಳವಾಗಿ ಕೇಳಬಹುದು. ಅದಕ್ಕೆ ಕಾನೂನಿನ ಪೂರ್ತಿ ಬಲ ಸಿಗೋದು ಮಾತ್ರ 2027ಕ್ಕೆ, ಅದನ್ನು ಮುಂದೆ ಹೇಳ್ತೀನಿ.

ನಾನು ಕಲಬುರಗಿಯಲ್ಲೇ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವ ಕೆಲಸ ಮಾಡುತ್ತೇನೆ. ಕೌಂಟರ್‌ನ ಆ ಕಡೆ ಏನಾಗುತ್ತದೆ ಅಂತ ದಿನಾ ನೋಡುತ್ತೇನೆ. "ಸಿಸ್ಟಮ್ ತಗೊಳ್ಳಲ್ಲರೀ" ಅಂತಾರಲ್ವಾ, ನಾನು ನೋಡಿದ ಸಾಫ್ಟ್‌ವೇರ್‌ಗಳಲ್ಲೆಲ್ಲ ಅದು ಬರೀ ಒಂದು ಸೆಟ್ಟಿಂಗ್. ಮೊಬೈಲ್ ಕಾಲಂ ಖಾಲಿ ಬಿಟ್ಟು, ಪಾರ್ಟಿ ಅಂದರೆ ಗ್ರಾಹಕರ ಹೆಸರಿನ ಜಾಗದಲ್ಲಿ ಕ್ಯಾಶ್ ಅಂತ ಹಾಕಿದರೆ ಬಿಲ್ ಆಗುತ್ತದೆ. ಜಿಎಸ್‌ಟಿ ನಿಯಮವೂ ಸಾಮಾನ್ಯ ಗ್ರಾಹಕರ ನಂಬರ್ ಕೇಳುವುದಿಲ್ಲ. 50,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಬಿಲ್ ಆದರೆ ಹೆಸರು, ವಿಳಾಸ ಬೇಕು. ಒಂದೇ ಸಲಕ್ಕೆ 2 ಲಕ್ಷ ದಾಟಿದರೆ, ಬಂಗಾರ ತಗೊಂಡಾಗ ಆಗುವ ಹಾಗೆ, ಪ್ಯಾನ್ ಕೇಳುತ್ತಾರೆ. ಅದಕ್ಕೆ ಕಾರಣ ಇದೆ, ಕೊಡಿ. ಎರಡು ಶರ್ಟ್‌ಗೆ ನಂಬರ್ ಯಾಕೆ? 2023ರ ಮೇ ತಿಂಗಳಲ್ಲೇ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಯವರಿಗೆ ಸೂಚನೆ ಕೊಟ್ಟಿದೆ, ನಂಬರ್ ಕೊಡಲಿಲ್ಲ ಅಂತ ಸಾಮಾನು ಕೊಡದೆ ಇರಬೇಡಿ ಅಂತ. ಕೌಂಟರ್ ಹುಡುಗನ ಹತ್ತಿರ ಜಗಳ ಬೇಡ, ಅವನು ಸಾವುಕಾರ್ರು ಹೇಳಿದ್ದನ್ನು ಮಾಡುತ್ತಾನೆ ಅಷ್ಟೆ. "ಕ್ಯಾಶ್ ಬಿಲ್ ಮಾಡಪ್ಪಾ, ನಂಬರ್ ಬೇಡ" ಅಂದರೆ ಎಷ್ಟೋ ಕಡೆ ಅಲ್ಲಿಗೇ ಮುಗಿಯುತ್ತದೆ.

ಆ ನಂಬರ್ ಆಮೇಲೆ ಎಲ್ಲಿಗೆ ಹೋಗುತ್ತದೆ ಅನ್ನೋದನ್ನು ಜನ ಕೇಳುವುದೇ ಇಲ್ಲ. ಮೊದಲು ಕಂಪ್ಯೂಟರ್‌ನಲ್ಲಿ ಇರುತ್ತದೆ. ಯುಗಾದಿ, ದೀಪಾವಳಿ ಬಂತು ಅಂದರೆ ಪೂರ್ತಿ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿ, ಬಲ್ಕ್ ಮೆಸೇಜ್ ಕಳಿಸುವವರಿಗೆ ವಾಟ್ಸಾಪ್‌ನಲ್ಲಿ ಹಾಕುತ್ತಾರೆ. ಈಗ ಅದು ಅಂಗಡಿಯ ಕೈಯಲ್ಲೂ ಇಲ್ಲ. ಸಾವುಕಾರರ ನೆಂಟರು ಜೇವರ್ಗಿ ರೋಡ್‌ನಲ್ಲಿ ಹೊಸ ಶೋರೂಮ್ ತೆಗೆದರೆ ಅದೇ ಫೈಲ್ ಅಲ್ಲಿಗೂ ಹೋಗುತ್ತದೆ, ಕೆಲಸ ಬಿಟ್ಟು ಹೋದ ಹುಡುಗನ ಫೋನ್‌ನಲ್ಲೂ ಉಳಿದಿರುತ್ತದೆ, ಯಾರೂ ತೆಗೆಯುವುದಿಲ್ಲ. ಕೆಟ್ಟ ಉದ್ದೇಶ ಯಾರಿಗೂ ಇರುವುದಿಲ್ಲ. ಏನು ಇಟ್ಟುಕೊಳ್ಳಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು ಅಂತ ಕೂತು ಯೋಚಿಸಿದವರೇ ಇಲ್ಲ, ನನಗೆ ಹೆಚ್ಚು ಹೆದರಿಕೆ ಆಗೋದು ಇದಕ್ಕೇ.

ನಂಬರ್‌ಗಿಂತ ಆಧಾರ್ ದೊಡ್ಡ ಚಿಂತೆ. ಬಸ್ ಸ್ಟ್ಯಾಂಡ್ ಹತ್ತಿರದ ಯಾವುದಾದರೂ ಜೆರಾಕ್ಸ್ ಅಂಗಡಿಯಲ್ಲಿ ಅಡ್ಮಿಷನ್ ಸಮಯದಲ್ಲಿ ಒಂದು ಹತ್ತು ನಿಮಿಷ ನಿಂತು ನೋಡಿ. ಗೋಡೆ ಮೇಲೆ ಒಂದು ವಾಟ್ಸಾಪ್ ನಂಬರ್ ಬರೆದಿರುತ್ತದೆ. ಬಂದವರೆಲ್ಲ ಆಧಾರ್, ಮಾರ್ಕ್ಸ್ ಕಾರ್ಡ್, ಜಾತಿ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲ ಅದಕ್ಕೇ ಕಳಿಸುತ್ತಾರೆ. ಕಂಪ್ಯೂಟರ್‌ನಲ್ಲಿ ವಾಟ್ಸಾಪ್ ಬೆಳಗಿಂದ ರಾತ್ರಿವರೆಗೆ ತೆರೆದೇ ಇರುತ್ತದೆ. ಪ್ರಿಂಟ್ ತೆಗೆದು ದುಡ್ಡು ಇಸ್ಕೊಂಡರೆ ಆಯಿತು, ಫೈಲ್ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಉಳಿಯುತ್ತದೆ. ಒಂದು ಅಂಗಡಿಯ ಕಂಪ್ಯೂಟರ್ ನಿಧಾನ ಆಗಿದೆ ಅಂತ ರಿಪೇರಿಗೆ ಕರೆದಿದ್ದರು. ಡಿಸ್ಕ್ ತುಂಬಿತ್ತು, ತುಂಬಿದ್ದೆಲ್ಲ ಊರ ಮಂದಿಯ ಆಧಾರ್ ಕಾರ್ಡ್. ಚಿತ್ತಾಪುರ, ಅಫಜಲಪುರ, ಆಳಂದ ಕಡೆಯ ಹೆಣ್ಣುಮಕ್ಕಳ ಫೋಟೊ, ಹುಟ್ಟಿದ ದಿನಾಂಕ, ವಿಳಾಸ, ಹಿಂದಿನ ವರ್ಷಗಳದ್ದೂ ಹಾಗೇ ಕೂತಿತ್ತು. ಮಾಲೀಕರಿಗೆ ತೋರಿಸಿದೆ. ಪಾಪ, ಅವರಿಗೂ ಗೊತ್ತಿರಲಿಲ್ಲ, ಅಲ್ಲೇ ಕೂತು ಎಲ್ಲ ಅಳಿಸಿಸಿದರು. ಅವತ್ತಿನಿಂದ ಹೋದ ಕಡೆಯೆಲ್ಲ ಇದನ್ನೇ ಹೇಳುತ್ತಿದ್ದೇನೆ. ನೀವೂ ಪ್ರಿಂಟ್ ಆದ ಮೇಲೆ "ಅಣ್ಣಾ, ನನ್ನ ಫೈಲ್ ಡಿಲೀಟ್ ಮಾಡ್ರಿ" ಅಂತ ಎದುರಿಗೇ ನಿಂತು ಮಾಡಿಸಿ, ಚಾಟ್‌ನಲ್ಲೂ ಎಲ್ಲರಿಗೂ ಅಳಿಸುವ ಆಯ್ಕೆ ಒತ್ತಿ.

ಕೋಚಿಂಗ್‌ನವರು ಗುರುತಿಗೆ ಏನಾದರೂ ಬೇಕೇ ಬೇಕು ಅಂದರೆ ಮಾಸ್ಕ್ಡ್ ಆಧಾರ್ ಕೊಡಿ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ವೆಬ್‌ಸೈಟ್‌ನಲ್ಲೇ ಸಿಗುತ್ತದೆ, ಮೊದಲ 8 ಅಂಕಿ ಮುಚ್ಚಿ ಕೊನೆಯ 4 ಮಾತ್ರ ಕಾಣುತ್ತದೆ. ಜೆರಾಕ್ಸ್ ಮೇಲೆ ಯಾವ ಕೆಲಸಕ್ಕೆ ಕೊಟ್ಟಿದ್ದು ಅಂತ ಬರೆದು, ತಾರೀಕು ಹಾಕಿ, ಸಹಿ ಅರ್ಧ ಕಾರ್ಡಿನ ಮೇಲೆ ಬರುವ ಹಾಗೆ ಮಾಡಿ. ಅದೇ ಸೈಟ್‌ನಲ್ಲಿ ಬೆರಳಚ್ಚು ಲಾಕ್ ಮಾಡುವ ಅವಕಾಶವೂ ಇದೆ. ರೇಷನ್ ಅಂಗಡಿಯಲ್ಲಿ ಬೆರಳು ಒತ್ತಬೇಕಾದಾಗ ಮಾತ್ರ ತೆಗೆಯಿರಿ. ಇನ್ನು ತಂಗಿಗೆ ಕೋಚಿಂಗ್ ಕೊಡೋಕೆ ಅಪ್ಪ, ಅಮ್ಮ, ಅಣ್ಣ ಎಲ್ಲರ ಆಧಾರ್ ಬೇಕಾಗಿಲ್ಲ, ಖಂಡಿತ ಕೊಡಬೇಡಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಕಂಡು ಕೇಳರಿಯದ ಕಾಲೇಜುಗಳಿಂದ ಅಮ್ಮನ ಫೋನ್‌ಗೆ ಕರೆ ಬರುತ್ತವಲ್ಲ, ಇಂಥ ಪಟ್ಟಿಗಳು ಕೈಯಿಂದ ಕೈಗೆ ಹೋಗದೆ ಅವು ಹೇಗೆ ಬರುತ್ತವೆ ಹೇಳಿ?

ಈಗ ಕಾನೂನು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟರು. ಆ ಕೇಸ್ ಹಾಕಿದವರು ನಮ್ಮ ರಾಜ್ಯದವರೇ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವಯಸ್ಸು 80 ದಾಟಿದ ಮೇಲೆ ಹಾಕಿದ ಕೇಸ್ ಅದು, ನನಗೆ ಅವರ ಮೇಲೆ ತುಂಬಾ ಗೌರವ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ, ಅಂಗಡಿ ಕಂಪನಿಗಳಿಗೆ ತಯಾರಾಗೋಕೆ 18 ತಿಂಗಳು ಕೊಟ್ಟಿದ್ದಾರೆ. ಅದಕ್ಕೇ 2027 ಅಂದೆ. ಅದು ಪೂರ್ತಿ ಜಾರಿಯಾದ ಮೇಲೆ ಯಾವ ಕೆಲಸಕ್ಕೆ ತಗೊಳ್ತಾರೆ ಅಂತ ಮೊದಲೇ ತಿಳಿಸಬೇಕು, ಕೇಳಿದರೆ ಕನ್ನಡದಲ್ಲೇ ತಿಳಿಸಬೇಕು, ಆ ಕೆಲಸಕ್ಕೆ ಬೇಕಾದಷ್ಟೇ ತಗೊಳ್ಳಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವ ಹಾಗಿರಬೇಕು. ತಪ್ಪಿದ್ದರೆ ತಿದ್ದಿಸಬಹುದು, ಕಾನೂನಿನ ಪ್ರಕಾರ ಇಟ್ಟುಕೊಳ್ಳಲೇಬೇಕಾದ್ದನ್ನು ಬಿಟ್ಟು ಉಳಿದಿದ್ದನ್ನು ಅಳಿಸಿ ಅಂತ ಕೇಳಬಹುದು. ತಂಗಿಗೆ 18 ಆಗಿಲ್ಲ ಅಂದರೆ ತಂದೆ ತಾಯಿಯ ಒಪ್ಪಿಗೆಯೇ ಬೇಕು. ಡೇಟಾ ಕಾಪಾಡದೆ ಸೋರಿಹೋದರೆ ದಂಡ 250 ಕೋಟಿವರೆಗೆ. ಆದರೆ ಆ ದಂಡ ಸರ್ಕಾರಕ್ಕೆ ಹೋಗುತ್ತದೆ, ನಷ್ಟ ಆದವರಿಗೆ ಒಂದು ಪೈಸೆ ಇಲ್ಲ. ಇದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಬರೀ ಕಾಗದದ ರಿಜಿಸ್ಟರ್‌ನಲ್ಲಿ ಬರೆದಿಟ್ಟಿದ್ದಕ್ಕೂ ಈ ಕಾಯ್ದೆ ಬರುವುದಿಲ್ಲ.

ಅಲ್ಲಿಯವರೆಗೆ ಸುಮ್ನೆ ಕೂರಬೇಕಾ ಅಂದರೆ, ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಈಗಲೇ ಜಾರಿಯಲ್ಲಿದೆ. ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿಗೆ ವಿರುದ್ಧವಾಗಿ ಬೇರೆಯವರಿಗೆ ಕೊಟ್ಟರೆ ಅದನ್ನು ಅನುಚಿತ ವ್ಯಾಪಾರ ಪದ್ಧತಿ ಅಂತ ಆ ಕಾಯ್ದೆ ಹೇಳುತ್ತದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ, ಆಮೇಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು.

ಅದಕ್ಕೂ ಮುಂಚೆ ಅಂಗಡಿಗೂ ಕೋಚಿಂಗ್‌ಗೂ ಬಾಯಲ್ಲಿ ಹೇಳಬೇಡಿ, ಮೆಸೇಜ್ ಹಾಕಿ: "ಇಂಥ ತಾರೀಕು ನಿಮ್ಮಲ್ಲಿ ಕೊಟ್ಟ ನನ್ನ ಮೊಬೈಲ್ ನಂಬರ್ ಮತ್ತು ಆಧಾರ್ ಪ್ರತಿಯನ್ನು ನಿಮ್ಮ ಕಂಪ್ಯೂಟರ್, ವಾಟ್ಸಾಪ್‌ನಿಂದ ಅಳಿಸಿ, ಬೇರೆ ಯಾರಿಗಾದರೂ ಕೊಟ್ಟಿದ್ದರೆ ಯಾರಿಗೆ ಅಂತ ತಿಳಿಸಿ." ಉತ್ತರ ಬರಲಿ ಬಿಡಲಿ, ಸ್ಕ್ರೀನ್‌ಶಾಟ್ ತೆಗೆದು ಬಿಲ್ ಜೊತೆ ಇಟ್ಟುಕೊಳ್ಳಿ. ಮುಂದೆ ದೂರು ಕೊಡುವಾಗ ಅವೆರಡೂ ಬೇಕಾಗುತ್ತವೆ.