ಆಸ್ಪತ್ರೆ ಅಂದ ಮಾತ್ರಕ್ಕೆ ಬಾಂಬ್ ಬೀಳಲ್ಲ ಅಂತಲ್ಲ

ನರ್ಸ್ ಆಗಿರುವ ತಂಗಿ ಯುದ್ಧ ನಡೆಯುವ ದೇಶಕ್ಕೆ ಕೆಲಸಕ್ಕೆ ಹೊರಟಿದ್ದಾಳೆ, ಆಸ್ಪತ್ರೆ ಮೇಲೆ ಯಾರೂ ಬಾಂಬ್ ಹಾಕಲ್ಲ ಅಲ್ವಾ ಎಂದು ಕೇಳಿದ್ದೀರಿ. ಹಾಕಬಾರದು ಅಂತ ಯುದ್ಧದ ನಿಯಮಗಳನ್ನು ಹೇಳುವ ಅಂತಾರಾಷ್ಟ್ರೀಯ ಜಿನೀವಾ ಒಪ್ಪಂದದಲ್ಲಿದೆ. ಆದರೂ ಹಾಕಿದ್ದಾರೆ.

ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ ಎಂಎಸ್‌ಎಫ್ (ಗಡಿಯಿಲ್ಲದ ವೈದ್ಯರು ಎಂಬ ಅಂತಾರಾಷ್ಟ್ರೀಯ ವೈದ್ಯಕೀಯ ನೆರವು ಸಂಸ್ಥೆ) ನಡೆಸುತ್ತಿದ್ದ ಆಸ್ಪತ್ರೆ ಇತ್ತು. ಅದು ಎಲ್ಲಿದೆ ಅನ್ನುವ ಜಿಪಿಎಸ್ ವಿವರವನ್ನು ದಾಳಿಗೆ ನಾಲ್ಕು ದಿನ ಮೊದಲೇ ಸಂಸ್ಥೆಯವರು ಅಮೆರಿಕ, ಅಫ್ಘನ್ ಸೇನೆಗಳಿಗೆ ಇನ್ನೊಮ್ಮೆ ಕೊಟ್ಟಿದ್ದರು. 2015ರ ಅಕ್ಟೋಬರ್ 3ರ ನಸುಕಿನಲ್ಲಿ ಅಮೆರಿಕದ ಯುದ್ಧವಿಮಾನ ಅದರ ಮೇಲೇ ದಾಳಿ ಮಾಡಿತು. ತುರ್ತು ನಿಗಾ ಘಟಕದಲ್ಲಿದ್ದ ರೋಗಿಗಳು ಮಂಚದ ಮೇಲೇ ಸುಟ್ಟುಹೋದರು. ದಾಳಿ ನಡೆಯುತ್ತಿದ್ದಾಗಲೇ ಕಾಬೂಲ್‌ಗೆ, ವಾಷಿಂಗ್ಟನ್‌ಗೆ ಸಂಸ್ಥೆಯವರಿಂದ ಫೋನ್ ಹೋಗಿತ್ತು. ಆದರೂ ತಕ್ಷಣ ನಿಲ್ಲಲಿಲ್ಲ. ಸತ್ತವರು 42 ಜನ. ಅವರಲ್ಲಿ 14 ಮಂದಿ ಸಿಬ್ಬಂದಿ, ಎಲ್ಲರೂ ಅಫ್ಘನ್ನರೇ. ತಪ್ಪಾಯಿತು ಎಂದು ಅಮೆರಿಕ ಒಪ್ಪಿಕೊಂಡಿತು, 16 ಸೈನಿಕರಿಗೆ ಇಲಾಖಾ ಶಿಕ್ಷೆ ಆಯಿತು. ಕ್ರಿಮಿನಲ್ ಕೇಸು? ಯಾರ ಮೇಲೂ ಇಲ್ಲ.

ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಇಂಥ ಕೆಲಸದಲ್ಲಿ ಜಾಸ್ತಿ ಸಾಯುವವರು ಅದೇ ಊರಿನ ಸಿಬ್ಬಂದಿ. ಹೊರಗಿನಿಂದ ಹೋದವರನ್ನು ಮೊದಲು ವಾಪಸ್ ಕರೆಸಿಕೊಳ್ಳುವುದೇ ರೂಢಿ. ಬೇಡ ಅಂತ ತಡೆಯಬೇಡಿ. ಸಹಿ ಹಾಕುವ ಮೊದಲು ಮೂರು ವಿಷಯ ಕೇಳಲು ಹೇಳಿ: ಪರಿಸ್ಥಿತಿ ಕೆಟ್ಟರೆ ಹೊರಗೆ ಕರೆತರುವುದು ಯಾರು, ವಿಮೆಯಲ್ಲಿ ಯುದ್ಧದ ಗಾಯವೂ ಸೇರಿದೆಯಾ, ನಡುವೆಯೇ ಬಿಟ್ಟು ಬರಬೇಕೆಂದರೆ ಬಿಡುತ್ತಾರಾ.