ಗಾಳಿಗೆ ಕನ್ನಡಿ ಎಲ್ಲಿಂದ ಬಂತು?

ಉಡುಪಿಯಲ್ಲಿ ಬಿ.ಎಸ್ಸಿ. ಓದುತ್ತಿರುವ ಓದುಗರೊಬ್ಬರ ಪತ್ರ ಬಂದಿದೆ. ಅದರ ಸಾರ ಇಷ್ಟು: "ಬಲವಾದ ಲೇಸರ್ ಪಲ್ಸ್ (ಬೆಳಕಿನ ಕಿರು ಮಿಡಿತ) ಹಾಯಿಸಿದರೆ ಗಾಳಿಯೇ ಲೇಸರ್ ಬೆಳಕು ಕೊಡುತ್ತದೆ ಎಂದು ಉಪನ್ಯಾಸವೊಂದರಲ್ಲಿ ಕೇಳಿದೆ. ಉತ್ಸವದ ದಿನ ರಥಬೀದಿಯಲ್ಲಿ ಲೇಸರ್ ಬಿಟ್ಟಾಗ ಗಾಳಿ ಸುಮ್ನೆ ಇರುತ್ತದೆ, ಅಲ್ವಾ? ಲೇಸರಿಗೆ ಎರಡು ಕನ್ನಡಿ ಬೇಕು ಅಂತ ಪಾಠದಲ್ಲಿದೆ. ಗಾಳಿಗೆ ಕನ್ನಡಿ ಎಲ್ಲಿಂದ ಬಂತು? ಮಂಗಳೂರಿನ ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದಲ್ಲಿ ಅನಿಲ ಸೋರಿದರೆ ಇದರಿಂದ ದೂರದಿಂದಲೇ ಪತ್ತೆ ಮಾಡಬಹುದೇ?"

ಮೂರೂ ಒಳ್ಳೆಯ ಪ್ರಶ್ನೆಗಳು. ಮೊದಲನೆಯದನ್ನು ಬೇಗ ಮುಗಿಸೋಣ. ಉತ್ಸವದಲ್ಲಿ ಕಾಣುವ ಹಸಿರು ಗೆರೆ ಗಾಳಿಯ ಬೆಳಕಲ್ಲ. ಹೊಗೆ, ಧೂಳು, ತೇವದ ಕಣಗಳಿಗೆ ತಾಗಿ ಚದುರಿದ ಬೆಳಕು ಅದು. ಗಾಳಿಯ ಅಣುಗಳಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ.

ಅಣುಗಳನ್ನು ಕದಲಿಸಬೇಕಾದರೆ ಬೆಳಕನ್ನು ಕಾಲದಲ್ಲಿ ಹಿಂಡಬೇಕು. ಒಂದು ಗ್ರಾಂ ತೂಕದ ಒಣದ್ರಾಕ್ಷಿಯನ್ನು ನೆಲದಿಂದ ಒಂದು ಮೀಟರ್ ಎತ್ತಲು ಸುಮಾರು 10 ಮಿಲಿಜೂಲ್ ಶಕ್ತಿ ಸಾಕು. ಅಷ್ಟೇ ಶಕ್ತಿಯನ್ನು 40 ಫೆಮ್ಟೊಸೆಕೆಂಡಿನ (ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲೊಂದು ಭಾಗ) ಪಲ್ಸ್‌ನಲ್ಲಿ ತುಂಬಿದರೆ ಅದರ ಪವರ್ 250 ಗಿಗಾವ್ಯಾಟ್ ಆಗುತ್ತದೆ. 2024ರ ಮೇ ತಿಂಗಳ ಬಿಸಿಲಲ್ಲಿ ಇಡೀ ಭಾರತದ ವಿದ್ಯುತ್ ಬೇಡಿಕೆ ಮುಟ್ಟಿದ ಗರಿಷ್ಠ ಮಟ್ಟ ಹೆಚ್ಚುಕಮ್ಮಿ ಅಷ್ಟೇ! ಆ 40 ಫೆಮ್ಟೊಸೆಕೆಂಡಿನಲ್ಲಿ ಬೆಳಕು ಹೋಗುವ ದೂರ ಬರೀ 12 ಮೈಕ್ರಾನ್. ಇಂಥ ಪಲ್ಸ್‌ಗಳನ್ನು ಉಪಕರಣ ಸುಟ್ಟುಹೋಗದಂತೆ ವರ್ಧಿಸುವ ದಾರಿಯನ್ನು 1985ರಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರು ಎಂಬ ವಿಜ್ಞಾನಿಗಳು ತೋರಿಸಿದರು. ಪಲ್ಸನ್ನು ಮೊದಲು ಉದ್ದಕ್ಕೆ ಎಳೆದು, ವರ್ಧಿಸಿ, ಮತ್ತೆ ಹಿಂಡುವ ದಾರಿ ಅದು. 2018ರಲ್ಲಿ ಅವರಿಗೆ ನೊಬೆಲ್ ಬಂತು.

ಇಂಥ ಪಲ್ಸ್ ಗಾಳಿಗೆ ಇಳಿದಾಗ ಏನಾಗುತ್ತದೆ ನೋಡಿ. ಬೆಳಕು ಜಾಸ್ತಿ ಇರುವ ನಡುಭಾಗದಲ್ಲಿ ಗಾಳಿಯ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಗುಣ, ಒಂದಿಷ್ಟು ಏರುತ್ತದೆ. ಹಾಗಾಗಿ ಗಾಳಿಯೇ ಮಸೂರವಾಗಿ ಕಿರಣವನ್ನು ಒಳಕ್ಕೆ ಎಳೆಯುತ್ತದೆ. ಕಿರಣ ಸಣ್ಣದಾದಷ್ಟೂ ತೀವ್ರತೆ ಏರುತ್ತದೆ, ತೀವ್ರತೆ ಏರಿದಷ್ಟೂ ಕಿರಣ ಇನ್ನೂ ಸಣ್ಣದಾಗುತ್ತದೆ. ಕೊನೆಗೆ ಅಣುಗಳಿಂದ ಎಲೆಕ್ಟ್ರಾನ್‌ಗಳು ಕಿತ್ತು ಬರುತ್ತವೆ. 800 ನ್ಯಾನೊಮೀಟರ್ ತರಂಗಾಂತರದ ಒಂದು ಫೋಟಾನಿಗೆ (ಬೆಳಕಿನ ಕಣಕ್ಕೆ) ಆ ತಾಕತ್ತಿಲ್ಲ. ನೈಟ್ರೋಜನ್ ಅಣುವಿನಿಂದ ಒಂದು ಎಲೆಕ್ಟ್ರಾನ್ ಕೀಳಲು ಕನಿಷ್ಠ 11 ಫೋಟಾನ್‌ಗಳ ಶಕ್ತಿ ಒಟ್ಟಿಗೆ ಬೇಕು. ಆಕ್ಸಿಜನ್‌ಗೆ 8 ಸಾಕು. ಹೀಗೆ ಹುಟ್ಟಿದ ಪ್ಲಾಸ್ಮಾ, ಅಂದರೆ ಬಿಡಿ ಎಲೆಕ್ಟ್ರಾನ್‌ಗಳೂ ಎಲೆಕ್ಟ್ರಾನ್ ಕಳೆದುಕೊಂಡ ಅಣುಗಳೂ ಬೆರೆತ ಅನಿಲ, ಕಿರಣವನ್ನು ಹೊರಕ್ಕೆ ತಳ್ಳುತ್ತದೆ. ಎಳೆತ ಮತ್ತು ತಳ್ಳುವಿಕೆ ಸರಿದೂಗಿದಾಗ ಸುಮಾರು 0.1 ಮಿಲಿಮೀಟರ್ ದಪ್ಪದ ಬೆಳಕಿನ ಎಳೆಯೊಂದು ಮೀಟರುಗಟ್ಟಲೆ ಸಾಗುತ್ತದೆ. ಇದೇ ಫಿಲಮೆಂಟ್. 800 ನ್ಯಾನೊಮೀಟರ್ ಬೆಳಕಿಗೆ ಇದು ಶುರುವಾಗಲು ಕೆಲವು ಗಿಗಾವ್ಯಾಟ್ ಸಾಕು. ಗಾಳಿಯಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದ್ದು 1995ರಲ್ಲಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ. ಆ ತಂಡದಲ್ಲೂ ಜೆರಾರ್ ಮೂರು ಇದ್ದರು. ಎಳೆಯೊಳಗಿನ ತೀವ್ರತೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 50 ಲಕ್ಷ ಕೋಟಿ ವ್ಯಾಟ್. ನೀವು ಪಲ್ಸ್‌ನ ಶಕ್ತಿಯನ್ನು ಎಷ್ಟೇ ಏರಿಸಿ, ತೀವ್ರತೆ ಆ ಆಸುಪಾಸಲ್ಲೇ ನಿಲ್ಲುತ್ತದೆ. ಹೆಚ್ಚಿನ ಶಕ್ತಿ ಬೇರೆ ಬೇರೆ ಎಳೆಗಳಾಗಿ ಒಡೆಯುತ್ತದೆ. ಗಾಳಿ ತನಗೆ ತಾನೇ ಮಿತಿ ಹಾಕಿಕೊಳ್ಳುವ ಈ ರೀತಿ ನನಗೆ ಇಡೀ ಕತೆಯಲ್ಲೇ ತುಂಬ ಇಷ್ಟವಾದ ಭಾಗ.

ಈಗ ಕನ್ನಡಿ. ಬೆಳಕು ಒಂದೇ ಸಲ ಹಾದು ಹೋಗುವಾಗ ಆಗುವ ವರ್ಧನೆ ಕಡಿಮೆ ಇದ್ದರೆ, ಅದನ್ನು ಮತ್ತೆ ಮತ್ತೆ ಓಡಾಡಿಸಲು ಕನ್ನಡಿ ಬೇಕು. ಒಂದೇ ಹಾಯುವಿಕೆಯಲ್ಲಿ ಸಾಕಷ್ಟು ವರ್ಧನೆ ಆದರೆ ಕನ್ನಡಿ ಬೇಡ. 1963ರಲ್ಲಿ ಬಂದ 337 ನ್ಯಾನೊಮೀಟರಿನ ನೈಟ್ರೋಜನ್ ಲೇಸರ್ ಕನ್ನಡಿ ಇಲ್ಲದೆಯೇ ನಡೆಯುತ್ತದೆ. ಕಿಡಿಯಿಂದ ನಡೆಯುವ ಅದರ ಒಂದು ಬಗೆಗೆ ಕೋಣೆಯ ಗಾಳಿಯೇ ಸಾಕು. ಪಾಠ ತಪ್ಪಲ್ಲ, ಅದು ಸಾಮಾನ್ಯ ಲೇಸರಿನ ಮಾತು ಹೇಳುತ್ತದೆ. ಫಿಲಮೆಂಟ್ ಉದ್ದಕ್ಕೆ ಸಣ್ಣ ಎಳೆಯಂತೆ ಇರುವುದರಿಂದ ಅದರ ಉದ್ದಕ್ಕೆ ಹೊರಟ ಬೆಳಕಿಗೆ ಮಾತ್ರ ಹೆಚ್ಚು ವರ್ಧನೆ ಸಿಗುತ್ತದೆ. ಕಿರಣಕ್ಕೆ ದಿಕ್ಕು ಬರುವುದೂ ಹೀಗೆಯೇ.

ಫಿಲಮೆಂಟಿನಲ್ಲಿ ಹೆಚ್ಚು ಚರ್ಚೆಯಾದದ್ದು ಎಲೆಕ್ಟ್ರಾನ್ ಕಳೆದುಕೊಂಡ ನೈಟ್ರೋಜನ್, ಅಂದರೆ ನೈಟ್ರೋಜನ್ ಅಯಾನು. ಅದು 391 ಮತ್ತು 428 ನ್ಯಾನೊಮೀಟರಿನಲ್ಲಿ ನೇರಳೆ ಬೆಳಕು ಕೊಡುತ್ತದೆ. ಧ್ರುವಪ್ರದೇಶದ ಆಕಾಶದಲ್ಲಿ ಕಾಣುವ ಬೆಳಕಿನಾಟ ಅರೋರಾದಲ್ಲಿರುವ ನೇರಳೆ ಛಾಯೆಗೂ ಇದೇ ಅಯಾನು ಕಾರಣ. 2011ರಲ್ಲಿ ಚೀನಾದ ತಂಡವೊಂದು ಇದರಿಂದ ಬಲವಾದ ಲೇಸರ್ ಕಿರಣವನ್ನೇ ಪಡೆಯಿತು. ಆದರೆ ಇಲ್ಲಿ ಒಂದು ಸಿಕ್ಕು ಇದೆ. ಲೇಸರ್ ಆಗಬೇಕಾದರೆ ಶಕ್ತಿಯ ಮೇಲಿನ ಮಟ್ಟದಲ್ಲಿ ಕೆಳಗಿನ ಮಟ್ಟಕ್ಕಿಂತ ಹೆಚ್ಚು ಅಯಾನುಗಳಿರಬೇಕು. ಎಲೆಕ್ಟ್ರಾನ್ ಕಿತ್ತಾಗ ಹುಟ್ಟುವ ಅಯಾನುಗಳಲ್ಲಿ ಹೆಚ್ಚಿನವು ತೀರಾ ಕೆಳಗಿನ ಮಟ್ಟದಲ್ಲೇ ಇರುತ್ತವೆ! ಹಾಗಿದ್ದೂ ವರ್ಧನೆ ಹೇಗೆ? 2015ರ ಹೊತ್ತಿಗೆ ಒಂದು ಒಳ್ಳೆಯ ವಿವರಣೆ ಬಂತು. ಪಲ್ಸ್‌ನ ಮೊದಲ ಭಾಗ ಅಯಾನು ಮಾಡುತ್ತದೆ, ಉಳಿದ ಭಾಗ ಕೆಳಮಟ್ಟದ ಅಯಾನುಗಳನ್ನು ನಡುವಿನ ಇನ್ನೊಂದು ಮಟ್ಟಕ್ಕೆ ಎತ್ತಿ ಕೆಳಮಟ್ಟವನ್ನು ಖಾಲಿ ಮಾಡುತ್ತದೆ. ಪೂರ್ತಿ ಖಾಲಿಯಾಗದಿದ್ದರೂ ಅಯಾನುಗಳು ಒಂದೇ ತಾಳದಲ್ಲಿ ಇರುವುದರಿಂದ ವರ್ಧನೆ ಸಾಧ್ಯ ಎನ್ನುವವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ. ನನಗೆ ಮೊದಲ ವಿವರಣೆ ಹೆಚ್ಚು ಗಟ್ಟಿ ಅನಿಸುತ್ತದೆ.

ಬೈಕಂಪಾಡಿಯ ಪ್ರಶ್ನೆಗೆ ಬರೋಣ. ಬೆಳಕಿನಿಂದ ದೂರದ್ದನ್ನು ಅಳೆಯುವ ಈಗಿನ ಉಪಕರಣ ಲೈಡಾರ್ ಆಕಾಶಕ್ಕೆ ಪಲ್ಸ್ ಕಳಿಸಿ, ಚದುರಿದ ಬೆಳಕನ್ನು ಹಿಡಿಯುತ್ತದೆ. ಚದುರಿದ ಬೆಳಕು ಎಲ್ಲ ಕಡೆ ಹೋಗುವುದರಿಂದ ನಮ್ಮ ಕಡೆ ಬರುವುದು ತೀರಾ ಅಲ್ಪ. ದೂರದ ಗಾಳಿಯೇ ನಮ್ಮತ್ತ ಲೇಸರ್ ಬೀರಿದರೆ, ನಡುವಿನ ಅನಿಲ ಯಾವ ಬಣ್ಣವನ್ನು ಹೀರಿದೆ ಎಂದು ಚೆನ್ನಾಗಿ ತಿಳಿಯುತ್ತದೆ. ತೊಡಕು ಏನೆಂದರೆ, ನೈಟ್ರೋಜನ್ ಅಯಾನಿನ ವರ್ಧನೆ ಕೆಲವೇ ಪಿಕೋಸೆಕೆಂಡ್ (ಒಂದು ಪಿಕೋಸೆಕೆಂಡ್ ಎಂದರೆ ಸಾವಿರ ಫೆಮ್ಟೊಸೆಕೆಂಡ್) ಇರುತ್ತದೆ. ಅಯಾನು ಮಾಡಿದ ಆ ಮೊದಲ ಪಲ್ಸ್‌ನ ಜೊತೆಗೇ ಓಡುವ ಬೆಳಕಿಗೆ ಅದು ಸಿಗುತ್ತದೆ, ಎದುರು ಬರುವ ಬೆಳಕಿಗೆ ಸಿಗುವುದಿಲ್ಲ. ಹಾಗಾಗಿ ಕಿರಣ ಮುಂದಕ್ಕೇ ಹೋಗುತ್ತದೆ.

ಹಿಂದಕ್ಕೆ ಬರುವ ಬಲವಾದ ಕಿರಣವನ್ನು 2011ರಲ್ಲೇ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಡೊಗಾರಿಯು, ಮೈಕೆಲ್, ಸ್ಕಲ್ಲಿ, ಮೈಲ್ಸ್ ಅವರ ತಂಡ ತೋರಿಸಿತು. ಅವರು ಬಳಸಿದ್ದು ಆಕ್ಸಿಜನ್. 226 ನ್ಯಾನೊಮೀಟರಿನ ಅಲ್ಟ್ರಾವಯೊಲೆಟ್ ಪಲ್ಸ್ ಆಕ್ಸಿಜನ್ ಅಣುವನ್ನು ಒಡೆಯುತ್ತದೆ, ಬಿಡಿಯಾದ ಪರಮಾಣುವನ್ನು ಮೇಲಕ್ಕೆ ಎತ್ತುತ್ತದೆ. ಅದು 845 ನ್ಯಾನೊಮೀಟರಿನಲ್ಲಿ ಬೆಳಕು ಕೊಡುತ್ತದೆ. ಆದರೆ 226ರ ಬೆಳಕು ಗಾಳಿಯಲ್ಲಿ ಜೋರಾಗಿ ಚದುರುತ್ತದೆ. ನಮ್ಮ ಕರಾವಳಿಯ ಉಪ್ಪಿನ, ತೇವದ ಗಾಳಿಯಲ್ಲಿ ಅದನ್ನು ಕಿಲೋಮೀಟರುಗಟ್ಟಲೆ ಕಳಿಸುವುದು ಕಷ್ಟ. ಹಾಗಾಗಿ ಇದು ಕಾರ್ಖಾನೆಯ ಗೇಟಿನಲ್ಲಿ ನಿಲ್ಲಲು ಇನ್ನೂ ಸಮಯ ಬೇಕು. ಸದ್ಯಕ್ಕೆ ಸೋರಿಕೆ ಹಿಡಿಯಲು ಸ್ಥಳದಲ್ಲೇ ಇಟ್ಟ ಸೆನ್ಸರ್‌ಗಳನ್ನೇ ನಂಬಬೇಕು.

ಫಿಲಮೆಂಟ್ ಪ್ರಯೋಗಾಲಯದಿಂದ ಹೊರಗೆ ಬಂದೇ ಇಲ್ಲ ಅಂದುಕೊಳ್ಳಬೇಡಿ. 2021ರ ಬೇಸಿಗೆಯಲ್ಲಿ ಸ್ವಿಟ್ಜರ್‌ಲ್ಯಾಂಡಿನ ಸ್ಯಾಂಟಿಸ್ ಬೆಟ್ಟದ 124 ಮೀಟರ್ ಗೋಪುರದ ಪಕ್ಕ ಇಂಥ ಎಳೆಗಳನ್ನು ಆಕಾಶಕ್ಕೆ ಬಿಟ್ಟರು. ಒಂದು ಸಿಡಿಲು ಆ ದಾರಿಯನ್ನೇ ಹಿಡಿದು ಸುಮಾರು 50 ಮೀಟರ್ ಸಾಗಿದ್ದು ಕ್ಯಾಮೆರಾದಲ್ಲಿ ದಾಖಲಾಯಿತು. ಏಪ್ರಿಲ್, ಮೇ ತಿಂಗಳ ಸಿಡಿಲಿನ ಕಾಟ ಗೊತ್ತಿರುವ ನಮಗೆ ಇದು ಹತ್ತಿರದ ಸುದ್ದಿ.

ನೈಟ್ರೋಜನ್ ಲೇಸರನ್ನು ಮನೆಯಲ್ಲಿ ಮಾಡಿ ನೋಡಲು ಖಂಡಿತ ಹೋಗಬೇಡಿ. ಅದಕ್ಕೆ ಬೇಕಾದ ಸಾವಿರಾರು ವೋಲ್ಟ್ ಜೀವ ತೆಗೆಯುತ್ತದೆ, ಅದರ ಬೆಳಕು ಕಣ್ಣಿಗೆ ಕಾಣದೆಯೇ ಕಣ್ಣು ಹಾಳು ಮಾಡುತ್ತದೆ. ನಿಮ್ಮ ಕಾಲೇಜಿನಲ್ಲಿ ಸ್ಪೆಕ್ಟ್ರೋಮೀಟರ್ ಮತ್ತು ನೈಟ್ರೋಜನ್ ಡಿಸ್ಚಾರ್ಜ್ ಟ್ಯೂಬ್ ಇದ್ದರೆ, ಅಧ್ಯಾಪಕರನ್ನು ಕೇಳಿ, ಋಣಧ್ರುವದ ಹತ್ತಿರದ ಹೊಳಪಿನಲ್ಲಿ 428ರ ಪಟ್ಟಿಯನ್ನು ಹುಡುಕಿ. ಇನ್ನೂ ಮುಂದೆ ಹೋಗುವ ಮನಸ್ಸಿದ್ದರೆ ಮಣಿಪಾಲದಲ್ಲೇ ಪರಮಾಣು ಮತ್ತು ಅಣು ಭೌತಶಾಸ್ತ್ರದ ವಿಭಾಗವಿದೆ. ಫೆಮ್ಟೊಸೆಕೆಂಡ್ ಲೇಸರುಗಳ ಕೆಲಸ ಮುಂಬೈಯ ಟಿಐಎಫ್‌ಆರ್, ಇಂದೋರಿನ ಆರ್‌ಆರ್‌ಕ್ಯಾಟ್ ಎಂಬ ಸಂಶೋಧನಾ ಸಂಸ್ಥೆಗಳಲ್ಲೂ ನಡೆಯುತ್ತದೆ. ಪಟ್ಟಿ ಸಿಕ್ಕಿತೋ ಇಲ್ಲವೋ, ನಮಗೂ ಒಂದು ಸಾಲು ಬರೆಯಿರಿ.