ಕಂದಕ ದಾಟುವ ಮುನ್ನ ಬ್ಯಾಂಕಿಗೆ ಹೋಗಿ ಬನ್ನಿ

ಆಟದಂಗಳ: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಆನ್‌ಲೈನ್ ಆಟಗಳಲ್ಲಿ ಆಟಗಾರರು ಆಟಗಾರರನ್ನೇ ಕೊಲ್ಲುವುದರ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಕಳೆದ ತಿಂಗಳು ಒಂದು ಸಾಲು ಹಾಕಿದ್ದೆ. ಸಂಪಾದಕರು ಪತ್ರಗಳನ್ನು ತರಕಾರಿ ಚೀಲದಲ್ಲಿ ತುಂಬಿ ಕಳುಹಿಸಿದ್ದಾರೆ. ಹೊಸದಾಗಿ ಓದುವವರಿಗೆ ನನ್ನ ಪರಿಚಯ ಇಷ್ಟೇ: ಮುಂಬಯಿಯ ಫೋರ್ಟ್‌ನ ಬ್ಯಾಂಕೊಂದರಲ್ಲಿ ಮೂವತ್ತೊಂದು ವರ್ಷ ಕ್ಯಾಶ್ ಕೌಂಟರ್‌ನಲ್ಲಿ ಕುಳಿತು ನಿವೃತ್ತಳಾದವಳು. ಈಗ ಠಾಣೆಯ ಮನೆಯಲ್ಲಿ, ಮಗ ಬಿಟ್ಟುಹೋದ ಕಂಪ್ಯೂಟರಿನ ಮುಂದೆ, ಕತ್ತಿ ಹಿಡಿದು ಕೂರುತ್ತೇನೆ.

ಪ್ರಶ್ನೆ: ಅಕ್ಕ, ಎರಡು ವರ್ಷಗಳಿಂದ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಆಡುತ್ತಿದ್ದೇನೆ. ಹೊಸದಾಗಿ ಪರಿಚಯವಾದ ಆಟಗಾರನೊಬ್ಬ ಮೂರು ವಾರ ದಿನವೂ ಮಾತನಾಡಿಸಿ, ತಿನ್ನಲು ಮೀನು ಕೊಟ್ಟು, ‘ವೈಲ್ಡರ್ನೆಸ್‌ನಲ್ಲಿರುವ ರಾಕ್ಷಸನನ್ನು ಒಟ್ಟಿಗೆ ಬೇಟೆಯಾಡೋಣ, ಇದ್ದುದರಲ್ಲಿ ಒಳ್ಳೆಯ ಕವಚ ತೊಟ್ಟು ಬಾ’ ಎಂದ. ಹೋದೆ. ‘ನನ್ನ ಹೊಸ ಕವಚ ಎಷ್ಟು ಗಟ್ಟಿ ನೋಡೋಣ, ಒಂದು ಏಟು ಹಾಕು’ ಎಂದ. ಹಾಕಿದೆ. ನನ್ನ ತಲೆಯ ಮೇಲೆ ಬಿಳಿ ಬುರುಡೆ ಮೂಡಿತು. ಅಷ್ಟರಲ್ಲಿ ಇನ್ನಿಬ್ಬರು ಬಂದರು. ಮೈಮೇಲಿದ್ದದ್ದೆಲ್ಲ ಹೋಯಿತು. ಇದು ಕಳ್ಳತನವಲ್ಲವೇ? ನಾನೂ ಇದನ್ನೇ ಕಲಿತು ಸೇಡು ತೀರಿಸಿಕೊಳ್ಳಲೇ?
— ಕಾಲೇಜು ವಿದ್ಯಾರ್ಥಿ, ಡೊಂಬಿವಲಿ

ಉತ್ತರ: ತಮ್ಮಾ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿನ್ನ ಮೇಲೆ ಸಿಟ್ಟು ಬಂತು, ಎರಡನೆಯ ಸಲ ಅವನ ಮೇಲೆ.

ನಿನ್ನದನ್ನೇ ಮೊದಲು ಹೇಳುತ್ತೇನೆ. ಊರಿನ ಉತ್ತರಕ್ಕೆ ಒಂದು ಕಂದಕವಿದೆ. ಅದರ ಈಚೆಗೆ ಯಾರೂ ನಿನ್ನ ಕೂದಲು ಕೊಂಕಿಸುವಂತಿಲ್ಲ. ಆಚೆಗಿನದೇ ವೈಲ್ಡರ್ನೆಸ್, ಅಲ್ಲಿ ಯಾರು ಬೇಕಾದರೂ ಎರಗಬಹುದು, ಅದೂ ಲೆಕ್ಕಾಚಾರದ ಪ್ರಕಾರ. ವೈಲ್ಡರ್ನೆಸ್‌ನ 5ನೆಯ ಮಟ್ಟದಲ್ಲಿ ನಿಂತರೆ ಕಾಳಗದ ಮಟ್ಟದಲ್ಲಿ ನಿನಗಿಂತ ಐದು ಮೆಟ್ಟಿಲು ಮೇಲಿನವರೂ ಐದು ಮೆಟ್ಟಿಲು ಕೆಳಗಿನವರೂ ನಿನ್ನನ್ನು ಹೊಡೆಯಬಹುದು. 30ರಲ್ಲಿ ನಿಂತರೆ ಮೂವತ್ತು ಮೆಟ್ಟಿಲು. ಒಳಕ್ಕೆ ಹೋದಷ್ಟೂ ವೈರಿಗಳು ಹೆಚ್ಚು. 20 ದಾಟಿದ ಮೇಲೆ ಕ್ಷಣದಲ್ಲಿ ಬೇರೆಡೆಗೆ ಹಾರಿಸುವ ಮಾಮೂಲಿ ಟೆಲಿಪೋರ್ಟ್ ಮಂತ್ರಗಳೂ ಕೆಲಸ ಮಾಡುವುದಿಲ್ಲ. ಇದೆಲ್ಲ ಗುಟ್ಟಲ್ಲ, ಕಂದಕದ ಬಳಿಯೇ ಎಚ್ಚರಿಕೆ ಕೊಡುತ್ತಾರೆ. ಬೋರಿವಲಿಯಲ್ಲಿ ಇಳಿಯಬೇಕಾದವನು ಸಂಜೆ ದೂರದ ಪ್ರಯಾಣಿಕರಿಂದ ಕಿಕ್ಕಿರಿದ ವಿರಾರ್ ಫಾಸ್ಟ್ ಲೋಕಲ್ ಹತ್ತಬಾರದೆಂದು ರೈಲ್ವೆಯವರು ಎಲ್ಲಿಯೂ ಬರೆದಿಲ್ಲ, ಆದರೂ ಹತ್ತಿದವನು ಆಮೇಲೆ ಬಾಗಿಲಲ್ಲಿ ನಿಂತವರನ್ನು ಬೈದು ಏನು ಪ್ರಯೋಜನ?

ಹಾಗಾಗಿ ಆ ಇಬ್ಬರು ಬಂದು ಹೊಡೆದದ್ದನ್ನು ಕಳ್ಳತನ ಎನ್ನಲು ನನಗೆ ಮನಸ್ಸಿಲ್ಲ. ಅದು ಅಲ್ಲಿನ ಆಟ.

ಬುರುಡೆಯ ಕಥೆ ಬೇರೆ. ನೀನು ಯಾರಿಗೂ ಕೈ ಮಾಡದೆ ಸತ್ತಿದ್ದರೆ ನಿನ್ನ ವಸ್ತುಗಳಲ್ಲಿ ಅತ್ಯಂತ ಬೆಲೆಬಾಳುವ ಮೂರು ನಿನ್ನಲ್ಲೇ ಉಳಿಯುತ್ತಿದ್ದವು. ನಿನ್ನನ್ನು ಹೊಡೆಯದವನಿಗೆ ನೀನಾಗಿ ಮೊದಲ ಏಟು ಹಾಕಿದರೆ ತಲೆಯ ಮೇಲೆ ಬುರುಡೆ ಬರುತ್ತದೆ, ಇಪ್ಪತ್ತು ನಿಮಿಷ ಇರುತ್ತದೆ, ಅಷ್ಟರೊಳಗೆ ಸತ್ತರೆ ಆ ಮೂರೂ ಇಲ್ಲ. ವಸ್ತು ಉಳಿಸುವ ಪ್ರಾರ್ಥನೆ (ಈ ಆಟದಲ್ಲಿ ಪ್ರಾರ್ಥನೆಯೆಂದರೆ ಸ್ವಲ್ಪ ಹೊತ್ತು ಸಿಗುವ ಶಕ್ತಿ) ಹಾಕಿಕೊಂಡಿದ್ದರೆ ಒಂದು ಮಾತ್ರ ಉಳಿಯುತ್ತದೆ. ‘ಒಂದು ಏಟು ಹಾಕು’ ಎಂದವನಿಗೆ ಇದು ಬಾಯಿಪಾಠವಾಗಿತ್ತು. ನಿನ್ನ ಉಳಿದ ಮೂರಕ್ಕಾಗಿಯೇ ಅವನು ಮೂರು ವಾರ ಮೀನು ಹಂಚಿದ್ದು.

ಮೂವತ್ತೊಂದು ವರ್ಷಗಳಲ್ಲಿ ನನ್ನ ಕೌಂಟರಿಗೆ ದರೋಡೆಕೋರ ಒಮ್ಮೆಯೂ ಬರಲಿಲ್ಲ. ಬಂದವರೆಲ್ಲ ನಗುಮುಖದವರು. ‘ಅಕ್ಕಾ, ಈ ಕಟ್ಟಿಗೆ ಚಿಲ್ಲರೆ ಕೊಡಿ, ಅಯ್ಯೋ ಬೇಡ, ಅದನ್ನು ಕೊಡಿ, ನಿಮ್ಮ ಮಗಳ ಮದುವೆ ಯಾವಾಗ’ ಎಂದು ಮಾತಿನ ನಡುವೆ ಎಣಿಕೆ ತಪ್ಪಿಸುವವರು. (ನನಗೆ ಮಗಳೇ ಇಲ್ಲ.) 1994ರಲ್ಲಿ ಒಂದು ಮಧ್ಯಾಹ್ನ ಹಾಗೆ ಎರಡು ಸಾವಿರ ರೂಪಾಯಿ ಕಡಿಮೆ ಬಂತು, ಸಂಬಳದಿಂದ ಕಟ್ಟಿದೆ. ಬೀದಿಯಲ್ಲಿ ಯಾರಾದರೂ ಕಿತ್ತುಕೊಂಡು ಓಡಿದ್ದರೆ ನಾಲ್ಕು ದಿನಕ್ಕೆ ಮರೆಯುತ್ತಿದ್ದೆನೇನೋ. ಅವನ ನಗು ಈಗಲೂ ನೆನಪಿದೆ. ಆದ್ದರಿಂದ ನಿನಗೆ ಮೋಸವಾಗಿದೆ ಎಂದು ಒಪ್ಪುತ್ತೇನೆ, ಅದೇ ಮೋಸವನ್ನು ಕಲಿಯಲು ಮಾತ್ರ ನನ್ನಿಂದ ಅಪ್ಪಣೆ ಇಲ್ಲ.

ಇನ್ನು ಮುಂದಿನ ಕೆಲಸ. ಸೆಟ್ಟಿಂಗ್ಸ್‌ನಲ್ಲಿ ಬುರುಡೆ ತಡೆಯುವ ಆಯ್ಕೆ ಇದೆ, ಇವತ್ತೇ ಹಾಕಿಕೋ. ಕಂದಕ ದಾಟುವ ಮುನ್ನ ಆಟದೊಳಗಿನ ಬ್ಯಾಂಕಿಗೆ ಹೋಗಿ ಬೆಲೆಬಾಳುವುದನ್ನು ಇಟ್ಟು ಬಾ. ನಾವು ಬೆಳಿಗ್ಗೆ ಸ್ಟ್ರಾಂಗ್ ರೂಮಿನಿಂದ ಆ ದಿನಕ್ಕೆ ಬೇಕಾದಷ್ಟೇ ನೋಟಿನ ಕಟ್ಟುಗಳನ್ನು ಬರೆಸಿಕೊಂಡು ಕೌಂಟರಿಗೆ ತರುತ್ತಿದ್ದೆವು, ಮಿಕ್ಕಿದ್ದು ಒಳಗೇ. ಮೈಮೇಲಿನದೆಲ್ಲ ಹೋದರೂ ರಾತ್ರಿ ಊಟ ಸೇರುವಷ್ಟು ಅಗ್ಗದ ಕವಚ ತೊಡು.

ಸೇಡಿಗೆ ಹೋಗಲೇಬೇಕೆಂದಿದ್ದರೆ ಹೊಡೆದಾಟ ಕಲಿತು ಹೋಗು. ಲಾಸ್ಟ್ ಮ್ಯಾನ್ ಸ್ಟ್ಯಾಂಡಿಂಗ್ ಎಂಬ ಕಣದಲ್ಲಿ ಆಯುಧ, ಕವಚ ಎಲ್ಲವನ್ನೂ ಅವರೇ ಕೊಡುತ್ತಾರೆ, ಸತ್ತರೆ ನಿನ್ನದೇನೂ ಹೋಗುವುದಿಲ್ಲ. ನಾನು ಅಲ್ಲಿ ನೂರಾರು ಸಲ ಸತ್ತಿದ್ದೇನೆ. ಎದುರಾಳಿ ಬಿಲ್ಲಿನಿಂದ ಕತ್ತಿಗೆ ಬದಲಾಯಿಸಿದ್ದನ್ನು ನೋಡಿದ ಕೂಡಲೇ ರಕ್ಷಣೆಯ ಪ್ರಾರ್ಥನೆಯನ್ನು ಬದಲಾಯಿಸುವುದು ಮೊದಲ ಪಾಠ. ಆಟಗಾರನ ಏಟನ್ನು ಅದು ಪೂರ್ತಿ ತಡೆಯುವುದಿಲ್ಲ, ನೂರಕ್ಕೆ ನಲವತ್ತು ಪಾಲು ತಗ್ಗಿಸುತ್ತದೆ. ಎರಡನೆಯದು ಊಟ. ಶಾರ್ಕ್ ತಿಂದರೆ 20 ಪ್ರಾಣ ಮರಳುತ್ತದೆ, ಅದರ ಬೆನ್ನಿಗೇ ಕರಂಬ್ವಾನ್ ತಿಂದರೆ ಇನ್ನೂ 18. ಎರಡೂ ಒಂದೇ ಉಸಿರಿಗೆ ಒಳಗೆ ಹೋಗಬೇಕು. ಇದು ಬೆರಳಿಗೆ ಒಗ್ಗಲು ನನಗೆ ಒಂದು ಮಳೆಗಾಲ ಹಿಡಿಯಿತು. ಬಂಗುಡೆ ತಿಂದು ಬೆಳೆದವಳೆಂಬ ಹೆಮ್ಮೆ ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ಪ್ರಶ್ನೆ: ಇಷ್ಟು ಗೋಳು ಕೊಡುವ ಆ ಕಾಡನ್ನು ಕಂಪನಿಯೇ ಮುಚ್ಚಬಾರದೇ?
— ಗೃಹಿಣಿ, ವಾಶಿ

ಉತ್ತರ: ಮುಚ್ಚಿ ನೋಡಿದ್ದಾರೆ. ಆಟದ ಚಿನ್ನವನ್ನು ನಿಜವಾದ ಹಣಕ್ಕೆ ಮಾರುವ ದಂಧೆ ತಡೆಯಲೆಂದು ರೂನ್‌ಸ್ಕೇಪ್‌ನವರು 2007ರ ಡಿಸೆಂಬರ್‌ನಲ್ಲಿ ವೈಲ್ಡರ್ನೆಸ್‌ನ ಕಾಳಗವನ್ನು ಕಿತ್ತುಹಾಕಿದರು. ನನ್ನ ಮಗ ಆಗ ಎಂಟನೆಯ ತರಗತಿ, ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಟಗಾರರು ಪಟ್ಟು ಬಿಡಲಿಲ್ಲ, ಮತ ಹಾಕಿದರು, 2011ರ ಫೆಬ್ರವರಿಯಲ್ಲಿ ಅದು ಮರಳಿತು. ಅಲ್ಟಿಮಾ ಆನ್‌ಲೈನ್ ಎಂಬ ಆಟದವರು ಇನ್ನೊಂದು ದಾರಿ ಹಿಡಿದರು: 2000ದಲ್ಲಿ ಲೋಕವನ್ನೇ ಎರಡು ಮಾಡಿ, ಒಂದರಲ್ಲಿ ಒಪ್ಪಿಗೆಯಿಲ್ಲದೆ ಹೊಡೆಯುವಂತಿಲ್ಲ, ಇನ್ನೊಂದರಲ್ಲಿ ಹಳೆಯ ಪದ್ಧತಿ ಎಂದರು. ನನಗಂತೂ ಕಂದಕವೇ ಇಷ್ಟ. ಇದ್ದ ಲೋಕ ಒಂದೇ, ಗೆರೆ ಕಣ್ಣಿಗೆ ಕಾಣುತ್ತದೆ, ದಾಟುವುದು ಬಿಡುವುದು ನಮ್ಮ ಕಾಲಿಗೆ ಬಿಟ್ಟದ್ದು.

ಪ್ರಶ್ನೆ: ನನ್ನ ಪಿಂಗ್ (ಆಟದ ಸರ್ವರಿಗೆ ಸಂದೇಶ ಹೋಗಿ ಬರುವ ಸಮಯ) ಸುಮಾರು 150 ಮಿಲಿಸೆಕೆಂಡ್ ಇರುತ್ತದೆ. ಯುರೋಪಿನವರ ಎದುರು ನಾವು ಸೋಲಲೆಂದೇ ಹುಟ್ಟಿದವರೇ?
— ಸಾಫ್ಟ್‌ವೇರ್ ಎಂಜಿನಿಯರ್, ಪುಣೆ

ಉತ್ತರ: ನಿಮ್ಮ ವೃತ್ತಿಯವರೇ ಇದನ್ನು ಕೇಳುವುದು ನೋಡಿ ನಗು ಬಂತು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬಯಿಯಿಂದ ಲಂಡನ್ನಿಗೆ ನೇರ ಗೆರೆ ಎಳೆದರೂ ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು, ಹೋಗಿ ಬರಲು 70 ಮಿಲಿಸೆಕೆಂಡ್ ಬೇಕೇ ಬೇಕು. ವರ್ಸೋವಾದ ದಡದಲ್ಲಿ ನೀರಿಗಿಳಿದ ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲವಲ್ಲ. ಆದರೆ ಈ ಆಟ 0.6 ಸೆಕೆಂಡಿಗೊಮ್ಮೆ ಮಾತ್ರ ಎಲ್ಲರ ಲೆಕ್ಕ ಮಾಡುತ್ತದೆ, ಅದನ್ನು ಟಿಕ್ ಎನ್ನುತ್ತಾರೆ. 600ರಲ್ಲಿ 150 ಹೋದರೆ ಯೋಚಿಸಲು 450 ಉಳಿಯಿತು. ಗುಂಡು ಹಾರಿಸುವ ಆಟಗಳಲ್ಲಿ ನಿಮ್ಮ ದೂರಿಗೆ ಅರ್ಥವಿದೆ, ಇಲ್ಲಿ ಅಷ್ಟಿಲ್ಲ. ನಿಜವಾಗಿ ಕೊಲ್ಲುವುದು ಏರಿಳಿತ: ಈಗ 150, ಮರುಕ್ಷಣ 700. ವೈಫೈ ಬಿಟ್ಟು ತಂತಿ ಹಾಕಿಕೊಳ್ಳಿ, ಮಳೆಗಾಲದಲ್ಲಿ ತಾರಸಿಯ ಮೇಲಿನ ಜಾಯಿಂಟ್‌ಗೆ ನೀರು ಹೋಗಿದೆಯೇ ಎಂದು ಕೇಬಲ್‌ನವನನ್ನು ಹತ್ತಿಸಿ ನೋಡಿಸಿ.

ಪ್ರಶ್ನೆ: ಊಟಕ್ಕೆ ಕರೆದರೆ ಮಗ ‘ಎರಡೇ ನಿಮಿಷ ಅಮ್ಮ, ಈಗ ಎದ್ದರೆ ಸಾಯುತ್ತೇನೆ’ ಎನ್ನುತ್ತಾನೆ. ನಂಬಲೇ?
— ತಾಯಿ, ಮುಲುಂಡ್

ಉತ್ತರ: ಎರಡು ನಿಮಿಷ ನಂಬಿ, ಇಪ್ಪತ್ತು ನಂಬಬೇಡಿ. ಕಾಳಗದ ನಡುವೆ ಲಾಗೌಟ್ ಆಗಲು ಬರುವುದಿಲ್ಲ, ಕೊನೆಯ ಏಟು ಬಿದ್ದು ಹತ್ತು ಸೆಕೆಂಡ್ ಕಳೆಯಬೇಕು. ಟೆಲಿಬ್ಲಾಕ್ ಎಂಬ ಮಂತ್ರ ತಗುಲಿದ್ದರೆ ಐದು ನಿಮಿಷ ಟೆಲಿಪೋರ್ಟ್ ಆಗಿಯೂ ತಪ್ಪಿಸಿಕೊಳ್ಳಲಾಗದು. ‘ಊಟಕ್ಕೆ ಬಾ’ ಎನ್ನುವ ಬದಲು ‘ಕಂದಕದ ಆಚೆಯೋ, ಈಚೆಯೋ?’ ಎಂದು ಕೇಳಿ. ಈಚೆ ಇದ್ದರೆ ಕಂಪ್ಯೂಟರ್ ಆರಿಸಿ. ಆಚೆ ಇದ್ದರೆ ಸಾರು ಇನ್ನೊಮ್ಮೆ ಬಿಸಿಗಿಡಿ.

ಪ್ರಶ್ನೆ: ಗೆಳೆಯರು ಆಟದ ಚಿನ್ನದ ಬಾಜಿ ಕಟ್ಟಿ ದ್ವಂದ್ವಯುದ್ಧ ಮಾಡೋಣ, ಸೋತವನು ಯುಪಿಐನಲ್ಲಿ ಹಣ ಕಳುಹಿಸಲಿ ಎನ್ನುತ್ತಿದ್ದಾರೆ.
— ಹೋಟೆಲ್ ಕ್ಯಾಷಿಯರ್, ಅಂಧೇರಿ

ಉತ್ತರ: ಬೇಡ. ಬಾಜಿಯ ಅಡ್ಡೆಯಾಗಿಬಿಟ್ಟಿದ್ದ ಡ್ಯೂಯೆಲ್ ಅರೇನಾ ಎಂಬ ದ್ವಂದ್ವಯುದ್ಧದ ಕಣವನ್ನು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನವರೇ 2022ರಲ್ಲಿ ತೆಗೆದುಹಾಕಿದರು. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿದೆ. ನೀವೂ ಗಲ್ಲೆಯ ಮೇಲೆ ಕೂರುವವರು, ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಪ್ರಶ್ನೆ: ಅಪರಿಚಿತರನ್ನು ಕೊಂದು ಅವರ ಸೊತ್ತು ಎತ್ತಿಕೊಳ್ಳುವಾಗ ನಿಮಗೆ ಪಾಪಪ್ರಜ್ಞೆ ಕಾಡುವುದಿಲ್ಲವೇ?
— ನಿವೃತ್ತ ಅಧ್ಯಾಪಕ, ಮಾಟುಂಗಾ

ಉತ್ತರ: ಮೊದಲ ಬಾರಿ ಒಬ್ಬನನ್ನು ಕೆಡವಿದಾಗ ಕೈ ನಡುಗಿ ‘ಕ್ಷಮಿಸಿ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ, ಮಾಸ್ತರೇ. ಅವನು ‘ಒಳ್ಳೆಯ ಕಾಳಗ’ ಎಂದು ಬರೆದು ಹೋದ. ಇನ್ನೊಮ್ಮೆ ಒಬ್ಬ ಹುಡುಗ ಗೋಳಾಡಿದನೆಂದು ಅವನ ಕತ್ತಿಯನ್ನು ಹಿಂದಿರುಗಿಸಿದೆ. ಹತ್ತು ನಿಮಿಷದಲ್ಲಿ ಅದೇ ಕತ್ತಿ ಹಿಡಿದು, ಗೆಳೆಯನನ್ನೂ ಕರೆತಂದು, ನನ್ನನ್ನು ಕೊಂದ. ಅಂದಿನಿಂದ ನಿದ್ದೆ ಚೆನ್ನಾಗಿ ಬರುತ್ತಿದೆ.

ಪ್ರಶ್ನೆ: ಆಟದಲ್ಲಿ ನಿಮ್ಮ ಹೆಸರೇನು? ಎದುರಾದರೆ ಬಿಟ್ಟುಬಿಡುವಿರಾ?
— ಅಭಿಮಾನಿ, ಮಡಗಾಂವ್

ಉತ್ತರ: ಹೆಸರು ಹೇಳುವುದಿಲ್ಲ. ಶುಕ್ರವಾರ ರಾತ್ರಿ ಹತ್ತರ ನಂತರ ಕಂದಕದ ಆಚೆ, ತಲೆಯ ಮೇಲೆ ಬುರುಡೆ ಹೊತ್ತು, ಅಗ್ಗದ ಕವಚ ತೊಟ್ಟ ಹೆಂಗಸು ಕಂಡರೆ ಕನ್ನಡದಲ್ಲಿ ನಮಸ್ಕಾರ ಎನ್ನಿ. ಉತ್ತರ ಬರೆದೇ ಹೊಡೆಯುತ್ತೇನೆ.